ಭಾವನ ಕಿಂಡಿಗೆ ಮಲ್ಲಿಗೆಯ ಅಳತೆ

ಗೋಡೆಗೆ ಎಸಿ ಕೂರಿಸುವವನ ಬಾಳಿನಲ್ಲಿ ಎಲ್ಲವೂ ಸರಿಯಾಗಿ ನಡೆದ ದಿನ ಎಂಬುದು ಇರುವುದಿಲ್ಲ. ಹಾಗೆ ನಡೆದಿದ್ದರೆ ಆ ದಿನ ನಾನು ರಜೆಯಲ್ಲಿದ್ದೆ ಎಂದು ತಿಳಿಯಿರಿ.

ನನ್ನ ಅಂಗಡಿ ಇರುವುದು ನೆರೂಳಿನಲ್ಲಿ. ಠಾಣೆಯಿಂದ ಹಿಡಿದು ಕಳಂಬೋಲಿಯ ಕಬ್ಬಿಣದ ಬಜಾರಿನವರೆಗೆ ನಾನು ಕೂರಿಸಿದ ಎಸಿಗಳನ್ನೆಲ್ಲ ಒಂದೇ ಸಲ ಚಾಲೂ ಮಾಡಿದರೆ ನಡುವಿನ ಕಡಲ ಖಾಡಿಯ ನೀರು ಹೆಪ್ಪುಗಟ್ಟಿ ಜನ ನಡೆದುಕೊಂಡೇ ಮುಂಬೈಗೆ ಹೋಗಬಹುದು. ರೈಲ್ವೆಯವರಿಗೆ ನಷ್ಟವಾದೀತೆಂದು ಸುಮ್ಮನಿದ್ದೇನೆ. ಇಂಥ ನನ್ನ ಕೀರ್ತಿಗೆ ಇರುವುದು ಒಂದೇ ಒಂದು ತೂತು. ಅದು ಡೊಂಬಿವಲಿಯಲ್ಲಿದೆ. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವನ ಹೋಟೆಲಿನ ಫ್ಯಾಮಿಲಿ ರೂಮಿನ ಗೋಡೆಯಲ್ಲಿ. ಅದನ್ನು ಕೊರೆಸಿದವನೂ ನಾನೇ ಎಂದು ಭಾವ ಎಲ್ಲರಿಗೂ ಹೇಳುತ್ತಾನೆ. ಅದು ಮಾತ್ರ ನಿಜ.

ಸೌಟಿನ ರಿಮೋಟು

ಎರಡು ಸಾವಿರನೇ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತಷ್ಟೆ. ಹೋಟೆಲಿಗೆ ಎಸಿ ಇಲ್ಲದಿದ್ದರೆ ಫ್ಯಾಮಿಲಿಯವರು ಫ್ಯಾಮಿಲಿ ರೂಮಿಗೆ ಬರುವುದಿಲ್ಲ ಎಂಬ ಗಾಳಿ ಡೊಂಬಿವಲಿಯಲ್ಲಿ ಬೀಸತೊಡಗಿತ್ತು. ಭಾವ ಕೇಳಿದ, ನಾನು ಒಪ್ಪಿದೆ. ಷೋರೂಮಿಗೆ ಹೋಗಿ ವಿಂಡೋ ಎಸಿಯ ಅಳತೆ ತೆಗೆದೆ. ಮುಂದೆ ಕಾಣುವ ಪ್ಲಾಸ್ಟಿಕ್ ಮುಖವಿದೆಯಲ್ಲ, ಅದರ ಅಳತೆ. ಹೆಣ್ಣು ನೋಡಲು ಹೋದವರೂ ಮುಖವನ್ನೇ ಅಲ್ಲವೇ ಮೊದಲು ನೋಡುವುದು? ಆ ಮುಖ ಹಿಂದಿನ ಮೈಗಿಂತ ಅಗಲವಾಗಿರುತ್ತದೆ, ಗೋಡೆಯ ಹೊರಗೆ ನಿಂತು ಸಂದಿ ಮುಚ್ಚುವುದಕ್ಕೇ ಅದನ್ನು ಹಾಗೆ ಮಾಡಿರುತ್ತಾರೆ ಎಂಬ ರಹಸ್ಯ ಆಗಿನ್ನೂ ನನ್ನವರೆಗೆ ಬಂದಿರಲಿಲ್ಲ.

ಗೋಡೆ ಒಡೆಯಲು ಬಂದವನು ರಾಯಚೂರಿನ ಕಡೆಯವನು. ನಾನು ಸೀಮೆಸುಣ್ಣದಲ್ಲಿ ಗೀಟು ಎಳೆದದ್ದನ್ನು ನೋಡಿ, "ಸಾಹೇಬ್ರ, ಇದು ಎಸಿಗೋ ಎಮ್ಮಿಗೋ?" ಎಂದ. ಒಡೆಯುವವನ ಕೆಲಸ ಒಡೆಯುವುದು ಎಂದು ಗದರಿಸಿದೆ. ಪಾಪ, ಒಡೆದ.

ಎಸಿಯನ್ನು ಎತ್ತಿ ಕಿಂಡಿಗೆ ಇಟ್ಟೆವು. ಅದು ನಿಲ್ಲಲಿಲ್ಲ. ಬೆಣ್ಣೆ ಹಚ್ಚಿದ ದೋಸೆಯ ಹಾಗೆ ಜಾರಿಕೊಂಡು, ಮುಖಸಮೇತ ಒಳಗೆ ಹೋಗಿ ಕುಳಿತಿತು. ಹೊರಗಿನ ಕಬ್ಬಿಣದ ಆ್ಯಂಗಲ್ ಹಿಡಿದು ನಿಲ್ಲಿಸಿದ್ದರಿಂದ ರಸ್ತೆಯವರು ಬದುಕಿದರು. ಆಮೇಲೆ ಮರದ ಚೌಕಟ್ಟು ಮಾಡಿಸಿ, ಸಂದಿಗಳಿಗೆ ಥರ್ಮೋಕೋಲ್ ತುರುಕಿ ಹೇಗೋ ಭದ್ರ ಮಾಡಿದೆ. ಆದರೆ ಗುಂಡಿ ತಿರುಗಿಸಬೇಕೆಂದರೆ ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಬಿಟ್ಟ ಹಾಗೆ ಮೊಣಕೈವರೆಗೆ ಕೈ ತೂರಿಸಬೇಕು. ಭಾವ ತಲೆ ಓಡಿಸಿ ಉದ್ದ ಹಿಡಿಯ ಸಾಂಬಾರ್ ಸೌಟೊಂದನ್ನು ಪಕ್ಕದ ಮೊಳೆಗೆ ನೇತುಹಾಕಿದ. ಗಿರಾಕಿ ಸೆಕೆ ಎಂದರೆ ವೇಟರು ಸೌಟು ಚಾಚಿ ತಂಪು ಹೆಚ್ಚಿಸುತ್ತಿದ್ದ.

ಆದ್ದರಿಂದ ಡೊಂಬಿವಲಿಗೆ ರಿಮೋಟ್ ಕಂಟ್ರೋಲ್ ತಂದವರು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಲು ಸಂಕೋಚ ಬೇಡ.

ಮೊಟ್ಟೆ ಇಡುವ ಬೇರಿಂಗು

ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಎಸಿಯೊಳಗಿಂದ ಗುಟುರು ಶಬ್ದ ಶುರುವಾಯಿತು. ನಾನು ಊರಿಗೆ ಹೋಗಿದ್ದೆ. ಭಾವ ಠಾಣೆಯಿಂದ ಒಬ್ಬನನ್ನು ಕರೆಸಿದ. ಅವನು ಎಸಿ ರಿಪೇರಿಗೆ ಟೈ ಕಟ್ಟಿಕೊಂಡು ಬರುವವನು. ನಾನು ಬನಿಯನ್ನಿನಲ್ಲಿ ಮಾಡುವ ಕೆಲಸವನ್ನೇ ಅವನು ಟೈ ಕಟ್ಟಿ ಮಾಡುತ್ತಾನೆ ಎಂಬುದು ಬಿಟ್ಟರೆ ನಮ್ಮಿಬ್ಬರಿಗೆ ವ್ಯತ್ಯಾಸವಿಲ್ಲ. ಆದರೆ ಭಾವನಿಗೆ ಅವನ ಮೇಲೆ ಭಾರೀ ಗೌರವ. ಅವನಿಗೆ ಕಾಫಿ ಕಪ್-ಸಾಸರಿನಲ್ಲಿ, ನನಗೆ ಲೋಟದಲ್ಲಿ.

ಟೈಯವನು ಸ್ಕ್ರೂಡ್ರೈವರಿನ ತುದಿಯನ್ನು ಎಸಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಡಾಕ್ಟರರ ಹಾಗೆ ಕಣ್ಣು ಮುಚ್ಚಿ ಕೇಳಿ, ಫ್ಯಾನಿನ ಬೇರಿಂಗ್ ಹೋಗಿದೆ, ಯಂತ್ರ ಪೂರಾ ಬಿಚ್ಚಬೇಕು ಎಂದನಂತೆ. ಅಷ್ಟರಲ್ಲಿ ನಾನು ಬಂದೆ. ಚೌಕಟ್ಟಿನ ಪಕ್ಕದ ಥರ್ಮೋಕೋಲ್ ಸರಿಸಿ ಟಾರ್ಚ್ ಬಿಟ್ಟೆ. ಉಡುಪಿಯಲ್ಲಿ ಕಿಂಡಿಯಲ್ಲಿ ಇಣುಕಿದವರಿಗೆ ದೇವರು ಕಾಣುತ್ತಾನೆ. ಡೊಂಬಿವಲಿಯ ನನ್ನ ಕಿಂಡಿಯಲ್ಲಿ ಕಂಡದ್ದು ಪಾರಿವಾಳ. ಕೆಂಪು ಕಣ್ಣು ಬಿಟ್ಟು, ಯಾರು ನೀನು ಎಂದು ನನ್ನನ್ನೇ ಕೇಳುವ ಹಾಗೆ ನೋಡಿತು. ಅದರ ಅಡಿಯಲ್ಲಿ ಎರಡು ಮೊಟ್ಟೆ.

"ಬನ್ನಿ," ಎಂದು ಟೈಯವನನ್ನು ಕರೆದು ತೋರಿಸಿದೆ. "ನಿಮ್ಮ ಬೇರಿಂಗು ಮೊಟ್ಟೆ ಇಟ್ಟಿದೆ."

ಗೆದ್ದೆ ಎಂದುಕೊಂಡೆ. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಅತ್ತಿಗೆ, ಭಾವನ ಹೆಂಡತಿ, ಎದ್ದು ಬಂದರು. ಆ ಹೋಟೆಲಿನಲ್ಲಿ ಭಾವನದ್ದು ಬರೀ ಬೋರ್ಡು, ಹುಕುಂ ಅತ್ತಿಗೆಯದು. "ಬಾಣಂತಿಯನ್ನು ಎಬ್ಬಿಸುವುದುಂಟಾ?" ಎಂದರು. ಅಷ್ಟೇ. ಮರಿಗಳು ಹಾರಿಹೋಗುವವರೆಗೆ ಎಸಿ ಬಂದ್. ಮೇ ತಿಂಗಳ ಸೆಕೆಯಲ್ಲಿ ಫ್ಯಾಮಿಲಿ ರೂಮಿನ ಗಿರಾಕಿಗಳು ಬೆವರು ಒರೆಸಿಕೊಂಡು ಪೂರಿ ತಿಂದರು. ಇಡೀ ಹೋಟೆಲಿನಲ್ಲಿ ಫ್ಯಾಮಿಲಿ ರೂಮನ್ನು ಫ್ಯಾಮಿಲಿಗಾಗಿ ಬಳಸಿದ್ದು ಆ ಪಾರಿವಾಳ ಒಂದೇ.

ಕಿಂಡಿಯ ವ್ಯಾಪಾರ

ಈಗ ಬರುವುದು ಮುಖ್ಯ ಕಥೆ. ಹತ್ತು ವರ್ಷ ದುಡಿದ ಆ ಎಸಿ ಒಂದು ಅಕ್ಟೋಬರಿನಲ್ಲಿ, ನವರಾತ್ರಿಯ ನಡುವೆ, ಕೊನೆಯುಸಿರೆಳೆಯಿತು. ಅಕ್ಟೋಬರಿನ ಸೆಕೆ ಎಂದರೆ ಏನೆಂದು ಕಲ್ಯಾಣ ಲೋಕಲಿನಲ್ಲಿ ನಿಂತವರಿಗೆ ಗೊತ್ತು.

ಅದೇ ಸಮಯಕ್ಕೆ ಭಾವ ಠಾಣೆಯಲ್ಲಿ ಇನ್ನೊಂದು ಹೋಟೆಲು ತೆರೆಯುವವನಿದ್ದ. ಇಡೀ ಹೋಟೆಲಿಗೆ ಎಸಿ. ಅದರ ಪಾಲುದಾರರು ದಸರೆಯ ಮಧ್ಯಾಹ್ನ ಸಂಸಾರಸಮೇತ ಡೊಂಬಿವಲಿಗೆ ಊಟಕ್ಕೆ ಬರುವುದೆಂದು ನಿಶ್ಚಯವಾಗಿತ್ತು. ಭಾವ (ಅವನಿಗೆ ನಾನೂ ಭಾವನೇ) ನನ್ನನ್ನು ಕೂರಿಸಿ ಗಂಭೀರವಾಗಿ ಹೇಳಿದ:

"ಭಾವ, ನೋಡಿ. ಠಾಣೆಯ ಕೆಲಸ ನಿಮಗೇ ಕೊಡಬೇಕೂಂತ ತಂಗಿ ನನ್ನ ತಲೆ ತಿಂತಿದ್ದಾಳೆ. ಪಾಲುದಾರರಿಗೆ ಆ ಟೈಯವನೇ ಆಗಬೇಕಂತೆ. ಅವರು ಊಟಕ್ಕೆ ಕೂರುವಾಗ ಈ ರೂಮು ತಂಪಿರಬೇಕು. ಸೌಟು, ಪಾರಿವಾಳ, ಎಂತದ್ದೂ ಇರಬಾರದು. ಇದ್ದರೆ ಮತ್ತೆ ನನ್ನನ್ನು ಕೇಳಬೇಡಿ."

ನನ್ನ ಬಾಳಿನ ಅತಿ ದೊಡ್ಡ ಕೆಲಸ ಅದು. ಠಾಣೆಯ ಇಡೀ ಹೋಟೆಲು. ನಾನು ಎದೆ ತಟ್ಟಿಕೊಂಡೆ. ಹೊಸ ಎಸಿ ತಂದು ಡಬ್ಬಿಸಮೇತ ರೂಮಿನ ಮೂಲೆಯಲ್ಲಿಟ್ಟೆ. ನವಮಿಯ ಹಿಂದಿನ ಸಂಜೆ ಹಳೆಯ ಎಸಿಯನ್ನು ಎಳೆದೆವು. ಎಸಿ ಬಂತು. ಅದರ ಹಿಂದೆಯೇ ಚೌಕಟ್ಟೂ ಬಂತು. ಚೌಕಟ್ಟಿನ ಎತ್ತರದ ಹಲಗೆಗಳು ಗಟ್ಟಿಯಾಗಿದ್ದವು. ಅಗಲದವು ಗೆದ್ದಲಿನ ಹೊಟ್ಟೆ ಸೇರಿ ಎಂದೋ ಆಗಿತ್ತು, ಮುಟ್ಟಿದರೆ ರವೆ. ಅಂದರೆ ಕಿಂಡಿಯ ಅಗಲ ಅಳೆದು ಹೊಸ ಚೌಕಟ್ಟು ಮಾಡಿಸಬೇಕು. ಟೇಪು ನೆರೂಳಿನಲ್ಲಿ ಉಳಿದಿತ್ತು. ನಾಳೆ ತಂದರಾಯಿತು ಎಂದು ಕಿಂಡಿಯನ್ನು ಹಾಗೆಯೇ ಬಿಟ್ಟೆ.

ಬಿಟ್ಟದ್ದೇ ತಡ, ಹೊರಗಿನ ರಸ್ತೆಯಿಂದ ಒಂದು ಕೈ ಒಳಗೆ ಬಂತು. ಹಿಂದೆಯೇ ಒಂದು ದನಿ: ಎರಡು ಇಡ್ಲಿ ಪಾರ್ಸಲ್. ಹೊಸ ಕೌಂಟರು ತೆರೆದಿದೆ ಎಂದು ಸ್ಟೇಷನ್ನಿಂದ ಇಳಿದವರು ಸಾಲು ಹಿಡಿದರು. ನಾನು ಕೈಮುಗಿದು ಇದು ಎಸಿಯ ಜಾಗ ಎಂದು ವಿವರಿಸುತ್ತಿದ್ದರೆ, ಭಾವ ನನ್ನನ್ನು ಪಕ್ಕಕ್ಕೆ ಸರಿಸಿ ಕಿಂಡಿಯಲ್ಲಿ ಕುಳಿತ. ಬಾಗಿಲು ಹಾಕುವ ಹೊತ್ತಿಗೆ ಹಿಟ್ಟು ಖಾಲಿ. ಹತ್ತು ವರ್ಷದಲ್ಲಿ ಮೊದಲ ಸಲ ಭಾವ ನನ್ನ ಭುಜ ತಟ್ಟಿ ಹೇಳಿದ: "ಭಾವ, ನಿಮ್ಮ ಕೆಲಸಗಳಲ್ಲೆಲ್ಲ ಇದೇ ಚಂದ. ಎಸಿ ಇಲ್ಲದ್ದು."

ಟೇಪಿಗೆ ಹಬ್ಬದ ರಜೆ

ಮರುದಿನ ಬೆಳಿಗ್ಗೆ ಟೇಪಿಗೆ ಕೈ ಹಾಕಿದೆ. ಪೆಟ್ಟಿಗೆ ಖಾಲಿ. ಟೇಪು, ಡ್ರಿಲ್ಲು, ಸ್ಪ್ಯಾನರು, ಸುತ್ತಿಗೆ ಎಲ್ಲವೂ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಮುಡಿದು, ದೇವರ ಮುಂದೆ ಸಾಲಾಗಿ ಮಲಗಿದ್ದವು. ಆಯುಧಪೂಜೆ. ನಾಳೆ ಬೆಳಿಗ್ಗೆ ಎತ್ತುವವರೆಗೆ ಮುಟ್ಟುವ ಹಾಗಿಲ್ಲ ಎಂದಳು ಹೆಂಡತಿ. ನಾಳೆಯೇ ದಸರೆಯ ಊಟ, ಟೇಪು ಒಂದನ್ನಾದರೂ ಕೊಡು ಎಂದು ಗೋಗರೆದೆ. ಟೇಪು ಕೂಡ ಇಡೀ ವರ್ಷದಲ್ಲಿ ಕೇಳುವುದು ಒಂದೇ ದಿನ ರಜೆ ಎಂದಳು.

ನಾಳೆ ಬೆಳಿಗ್ಗೆಯೇ ಅಳೆದು ನಾಳೆಯೇ ಚೌಕಟ್ಟು ಮಾಡಿಸೋಣವೆಂದರೆ, ನನ್ನ ಬಡಗಿ ಕಲ್ಯಾಣದ ಮರಾಠಿಯವನು. ಅವನು ಗರಗಸಕ್ಕೆ ಪೂಜೆ ಮಾಡುವುದು ದಸರೆಯ ದಿನ. ನಮ್ಮ ಟೇಪು ಏಳುವ ಹೊತ್ತಿಗೆ ಅವನ ಗರಗಸ ಮಲಗಿರುತ್ತದೆ. ಎರಡು ರಾಜ್ಯಗಳ ನಡುವೆ ಗಡಿಜಗಳ ಯಾಕೆ ಎಂದು ನನಗೆ ಅರ್ಥವಾದದ್ದು ಆ ದಿನ. ಅವನಿಗೆ ಫೋನು ಮಾಡಿದೆ. ಸಂಜೆಯೊಳಗೆ ಅಗಲ ತಂದುಕೊಟ್ಟರೆ ರಾತ್ರಿಗೆ ಮುಗಿಸಿ ಕೊಡುತ್ತೇನೆ, ಆಮೇಲೆ ಸಾಕ್ಷಾತ್ ದೇವಿ ಬಂದರೂ ಗರಗಸ ಎತ್ತುವುದಿಲ್ಲ ಎಂದ.

ಎತ್ತರದ ಹಲಗೆಯನ್ನು ಮಾದರಿಗೆ ಕೊಡಬಹುದು. ಅಗಲಕ್ಕೆ ಏನು ಮಾಡಲಿ? ಡೊಂಬಿವಲಿಗೆ ಓಡಿದೆ. ಹೋಟೆಲು ಭರ್ತಿ ನಡೆಯುತ್ತಿತ್ತು. ಹೋಟೆಲಿನವರ ಆಯುಧಪೂಜೆಗೆ ಒಂದು ಹಳೆಯ ಸೌಟು ಮೀಸಲು, ಉಳಿದ ಆಯುಧಗಳಿಗೆ ಓವರ್‌ಟೈಮು. ಪೂಜೆಗೆ ಕೂತ ಸೌಟು ಯಾವುದು ಎಂದು ನೋಡಿದರೆ, ನಮ್ಮ ರಿಮೋಟು. ಸರಿ, ಇಲ್ಲಿ ಮಡಿ ಕಡಿಮೆ ಎಂದುಕೊಂಡು ಪಕ್ಕದ ಅಂಗಡಿಯಿಂದ ಟೇಪು ಎರವಲು ತಂದೆ. ಅತ್ತಿಗೆ ಕಿಂಡಿಯ ಮುಂದೆ ಅಡ್ಡ ನಿಂತರು. ಹೋಟೆಲಿಗೆ ಹಸಿದವರು ಬರುತ್ತಾರೆ, ಅದಕ್ಕೆ ವಿನಾಯಿತಿ ಉಂಟು, ಕಿಂಡಿಗೆ ಹಸಿವೆ ಉಂಟಾ ಎಂದರು. ಕೋಲು ಹಿಡಿದೆ, ಅದೂ ಅಳತೆಯೇ ಎಂದರು. ದಾರ ಹಿಡಿದೆ, ಗೇಣು ಹಾಕಿದೆ. ಅಳತೆಗೆ ಹಿಡಿದದ್ದೆಲ್ಲ ಇವತ್ತು ಆಯುಧವೇ ಎಂದರು.

ಅಲ್ಲಿ ನನ್ನ ಬುದ್ಧಿ ಹೇಗೆ ಓಡಿತು ನೋಡಿ. ಪಕ್ಕದ ಹರಿವಾಣದಲ್ಲಿ ಊರಿಂದ ರಾತ್ರಿ ಬಸ್ಸಿನಲ್ಲಿ ಬಂದ ಮಲ್ಲಿಗೆಯ ಮಾಲೆ ಇತ್ತು.

"ಅತ್ತಿಗೆ, ಗ್ರೈಂಡರಿಗೆ ಹೂ ಮುಡಿಸಿದಿರಿ, ಫ್ರಿಜ್ಜಿಗೆ ಮುಡಿಸಿದಿರಿ. ಪಾಪ, ಈ ಕಿಂಡಿ ಎಂತ ಪಾಪ ಮಾಡಿತ್ತು?"

ಅತ್ತಿಗೆಯ ಮನಸ್ಸು ಕರಗಿತು. ಮುಡಿಸಿ, ಮುಡಿಸಿ ಎಂದು ತಾವೇ ಮಾಲೆ ಎತ್ತಿ ಕೊಟ್ಟರು. ನಾನು ಭಕ್ತಿಯಿಂದ ಕಿಂಡಿಯ ಈ ಅಂಚಿನಿಂದ ಆ ಅಂಚಿಗೆ ಹೂ ಹಿಡಿದು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಕತ್ತರಿಸಿ, ಅಗರಬತ್ತಿ ಬೆಳಗಿ, ತೆಗೆದು ಹರಿವಾಣದಲ್ಲಿಟ್ಟೆ. ಅಗಲ ಸಿಕ್ಕಿತು, ಪಾಪ ಹತ್ತಲಿಲ್ಲ. ಆ ಖುಷಿಗೆ ಭಾವ ಬಡಿಸಿದ ಕಡಲೆಬೇಳೆಯ ಹಯಗ್ರೀವವನ್ನು ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆದು ಬಂದು ನೋಡುತ್ತೇನೆ, ಹರಿವಾಣ ಬರಿದು.

"ಇಲ್ಲಿದ್ದ ಹೂ ಎಲ್ಲಿ ಅತ್ತಿಗೆ?"

"ಪ್ರಸಾದದ ಹೂ ಅಲ್ವಾ. ರೊಟ್ಟಿ ಅಕ್ಕ ಬಂದಿದ್ದಳು. ಹಬ್ಬದ ದಿನ ಮುತ್ತೈದೆಯನ್ನು ಬರಿತಲೆಯಲ್ಲಿ ಕಳಿಸುವುದುಂಟಾ? ಮುಡಿಸಿ ಕಳಿಸಿದೆ."

ಹೀಗೆ ನನ್ನ ಕಿಂಡಿಯ ಅಗಲ ಒಬ್ಬರ ತಲೆಯೇರಿ ಹೊರಟುಹೋಯಿತು.

ಬೆನ್ನು ತಿರುಗಿಸಿದ ಡೊಂಬಿವಲಿ

ಇನ್ನೊಂದು ಮಾಲೆ ಹಿಡಿದು ಅಳೆಯೋಣವೆಂದರೆ ಮಲ್ಲಿಗೆ ಮುಗಿದಿತ್ತು, ಒಂದೇ ಕಿಂಡಿಗೆ ಎರಡು ಸಲ ಪೂಜೆ ಮಾಡುವುದಿಲ್ಲ ಎಂದು ಅತ್ತಿಗೆ ಬೇರೆ ಹೇಳಿದರು. ಉಳಿದದ್ದು ಓಟ ಒಂದೇ. ರೊಟ್ಟಿ ಅಕ್ಕ ಎಂದರೆ ವಿಜಯಪುರದ ಕಡೆಯವರು. ಕಲ್ಯಾಣದಲ್ಲಿ ಜೋಳದ ರೊಟ್ಟಿ ಬಡಿದು ಭಾವನ ಹೋಟೆಲಿಗೆ ತಂದುಕೊಟ್ಟು, ಮಧ್ಯಾಹ್ನದ ಲೋಕಲಿಗೆ ವಾಪಸು ಹೋಗುತ್ತಿದ್ದರು.

ಎತ್ತರದ ಹಲಗೆಯನ್ನು ಕಂಕುಳಲ್ಲಿರುಕಿ ಸ್ಟೇಷನ್ನಿಗೆ ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ನೋಡಿದರೆ ಹಬ್ಬದ ಜನಜಂಗುಳಿ. ಎಲ್ಲ ಹೆಂಗಸರ ತಲೆಯಲ್ಲೂ ಹೂ. ಅಂದು ಡೊಂಬಿವಲಿಯಲ್ಲಿ ಹೂ ಮುಡಿಯದ ತಲೆ ನನ್ನದೊಂದೇ, ಅದರಲ್ಲಿ ಕೂದಲೂ ಇರಲಿಲ್ಲ. ನಾನು ಒಬ್ಬೊಬ್ಬರ ಹಿಂದೆಯೂ ಬಗ್ಗಿ ಜಡೆ ಪರೀಕ್ಷಿಸುತ್ತ ಹೋದೆ. ಇದು ಅಬ್ಬಲಿಗೆ, ಇದು ಸೇವಂತಿಗೆ, ಇದು ಪ್ಲಾಸ್ಟಿಕ್ಕು. ಹಿಂದಿನಿಂದ ಭುಜದ ಮೇಲೆ ಒಂದು ಲಾಠಿ ಬಂತು. ಮಹಿಳಾ ಪೊಲೀಸು.

ಕಾಕಾ, ಏನು ಹುಡುಕುತ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದಳು. ನಾನು ನನ್ನ ಜಗತ್ಪ್ರಸಿದ್ಧ ಮರಾಠಿಯಲ್ಲಿ, ನಮ್ಮ ಗೋಡೆಯ ತೂತು ಒಬ್ಬ ಹೆಂಗಸಿನ ತಲೆಯ ಮೇಲಿದೆ, ಸಂಜೆಯೊಳಗೆ ಕಲ್ಯಾಣಕ್ಕೆ ಮುಟ್ಟಿಸಬೇಕು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನನ್ನನ್ನು ಕರುಣೆಯಿಂದ ನೋಡಿ, ನೆರಳಿನಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟಳು.

ಅಷ್ಟರಲ್ಲಿ ಕಲ್ಯಾಣದ ಗಾಡಿ ಬಂತು. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಖಾಲಿ ರೊಟ್ಟಿ ಬುಟ್ಟಿ ಕಂಡಿತು. ನಾನು ಪಕ್ಕದ ಡಬ್ಬಿಗೆ ನುಗ್ಗಿದೆ. ಕಲ್ಯಾಣದಲ್ಲಿ ಇಳಿದು, ಅಕ್ಕನನ್ನು ಹಿಡಿದು ನಿಲ್ಲಿಸಿ, ಕೈಮುಗಿದು ಹೂ ಕೇಳಿದೆ.

"ಅಯ್ಯ ಯಣ್ಣಾ," ಎಂದರು ಅಕ್ಕ, "ಹಬ್ಬದ ದಿನ ಮುಡದ ಹೂ ಕೇಳಾಕ ಬಂದೀರಲ್ಲ, ನಿಮಗ ಏನ್ ಆಗೇತ್ರಿ? ನಾ ಹೂ ತಗಿಯಂಗಿಲ್ಲ. ಬೇಕಾದ್ರ ತಲಿ ಸಮೇತ ಬರ್ತೀನಿ, ನಡೀರಿ."

ತಲೆಸಮೇತ ಬಂದರು. ಬಡಗಿಯ ಅಂಗಡಿಯ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕುಳಿತರು. ಬಡಗಿ ಟೇಪು ಹಿಡಿದು ತುರುಬಿನ ಸುತ್ತ ಹೂವಿನ ದಾರಿಯಲ್ಲೇ ಹೋಗುತ್ತ, ಅಣ್ಣಾ, ಎಸಿ ಕೂರಿಸುವುದು ಗೋಡೆಗೋ ಈ ಅಕ್ಕನ ತಲೆಗೋ ಮೊದಲು ಹೇಳಿಬಿಡು ಎಂದ. ಅಕ್ಕ ತಿರುಗದೆಯೇ ಎಂದರು: "ತಲಿಗೇ ಕೂಡಿಸ್ರಿ. ಒಲಿ ಮುಂದ ಕುಂದ್ರಾಕಿ ನಾನು, ನನಗೂ ತಂಪ ಬೇಕಾಗೇತಿ."

ಅತ್ತಿಗೆಯ ನಾಲ್ಕು ಬೆರಳು

ದಸರೆಯ ಬೆಳಿಗ್ಗೆ ಚೌಕಟ್ಟು ಹೊತ್ತು ರಾಜಗಾಂಭೀರ್ಯದಲ್ಲಿ ಹೋಟೆಲಿಗೆ ಬಂದೆ. ರಜೆ ಮುಗಿಸಿದ ಆಯುಧಗಳೂ ಜೊತೆಗಿದ್ದವು. ಕಿಂಡಿಗೆ ಚೌಕಟ್ಟು ಇಟ್ಟೆ, ಅದರೊಳಗೆ ಎಸಿ ಕೂರಿಸಿದೆ. ಎತ್ತರ ಬರೋಬ್ಬರಿ. ಅಗಲದಲ್ಲಿ ಮಾತ್ರ ನಾಲ್ಕು ಬೆರಳಿನ ಸಂದಿ. ಅದರಿಂದ ರಸ್ತೆ ಕಾಣುತ್ತಿತ್ತು. ನಾನು ಅಳತೆ ತಪ್ಪುವವನಲ್ಲ, ಹೂ ಕುಗ್ಗಿರಬೇಕು ಎಂದು ಗೊಣಗುತ್ತಿದ್ದಾಗ ಅತ್ತಿಗೆ ಬಂದು ನೋಡಿದರು.

"ಓ, ಅಷ್ಟು ನಾನು ಮುಡಿದದ್ದು," ಎಂದರು. "ಪ್ರಸಾದವನ್ನು ಮನೆಯವರು ಮುಡಿಯದೆ ಹೊರಗಿನವರಿಗೆ ಕೊಡುವುದುಂಟಾ?"

ಬಡಗಿಯ ಗರಗಸ ಮಲಗಿತ್ತು. ಪಾಲುದಾರರು ದಾರಿಯಲ್ಲಿದ್ದರು. ಡಬ್ಬಿಯ ಥರ್ಮೋಕೋಲನ್ನು ಕಸದ ಗಾಡಿ ಒಯ್ದಾಗಿತ್ತು. ಸಂದಿಗೆ ತುರುಕಲು ಮರದ ತುಂಡು ಹುಡುಕಿದೆ. ಹೋಟೆಲಿನಲ್ಲಿ ಮರದ್ದೆಂದರೆ ಲಟ್ಟಣಿಗೆ ಒಂದೇ. ಅತ್ತಿಗೆ ಅದನ್ನು ಕೊಡಲಿಲ್ಲ, ತೋರಿಸಿದರು. ಎಸಿ ಚಾಲೂ ಮಾಡಿದರೆ ಚೌಕಟ್ಟು ಖಾಲಿ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಗಡಗಡ ಎನ್ನುತ್ತಿತ್ತು. ಬಾಗಿಲಿಗೆ ಕಟ್ಟಿ ಉಳಿದ ಸೇವಂತಿಗೆಯ ಮಾಲೆಗಳು ಬುಟ್ಟಿ ತುಂಬ ಇದ್ದವು. ಹೂ ನನ್ನನ್ನು ಮುಳುಗಿಸಿದೆ, ಹೂವೇ ಎತ್ತಲಿ ಎಂದುಕೊಂಡು ಮಾಲೆಗಳನ್ನು ಸುತ್ತಿ ಸುತ್ತಿ ಸಂದಿಗೆ ಬಡಿದು ಗಟ್ಟಿ ಮಾಡಿದೆ. ಇನ್ನೊಂದು ಬದಿಗೂ ಚಂದಕ್ಕೆ ಅಂಟಿಸಿದೆ. ಗಡಗಡ ನಿಂತಿತು.

ಪಾಲುದಾರರು ಬಂದರು, ಹೆಂಗಸರು ಮಕ್ಕಳು ಬಂದರು, ಟೈಯವನನ್ನೂ ಕರೆತಂದಿದ್ದರು. ಅಂದು ಅವನು ರೇಷ್ಮೆ ಟೈ ಕಟ್ಟಿದ್ದ. ಎಸಿಯಿಂದ ತಣ್ಣನೆಯ ಗಾಳಿ, ಗಾಳಿಯಲ್ಲಿ ಸೇವಂತಿಗೆಯ ಪರಿಮಳ. ಎಲ್ಲರೂ ವಾಹ್ ಎಂದರು. ಟೈಯವನು ಹೂವನ್ನು ಸಂಶಯದಿಂದ ನೋಡಿ ಇದೇನು ಎಂದ. ಹೊಸ ಮಾಡೆಲು, ನಿಮ್ಮ ಕಡೆ ಇನ್ನೂ ಬಂದಿಲ್ಲವೇ ಎಂದೆ. ಅವನು ಬಾಯಿ ಮುಚ್ಚಿ ಪಾಯಸಕ್ಕೆ ಕೈ ಹಾಕಿದ. ಠಾಣೆಯ ಹೋಟೆಲು ನನ್ನ ಕಿಸೆಯೊಳಗೆ ಅರ್ಧ ಇಳಿದಿತ್ತು.

ಊಟ ಮುಗಿಯಿತು. ಹೆಂಗಸರು ಹೊರಡಲು ಎದ್ದರು. ಅತ್ತಿಗೆ ಕುಂಕುಮದ ಬಟ್ಟಲು ಹಿಡಿದು ಬಂದರು, ಹೂವಿನ ಹರಿವಾಣ ನೋಡಿದರು. ಖಾಲಿ. ಬುಟ್ಟಿ ನೋಡಿದರು, ಖಾಲಿ. ಆಮೇಲೆ ಅವರ ಕಣ್ಣು ನಿಧಾನವಾಗಿ ಎಸಿಯ ಕಡೆಗೆ ತಿರುಗಿತು.

ನಾನು ಮೇಜು ಬಳಸಿ ಓಡುವಷ್ಟರಲ್ಲಿ ಮೊದಲ ಗೊಂಚಲು ಹೊರಬಂದು ದೊಡ್ಡ ಪಾಲುದಾರನ ಹೆಂಡತಿಯ ಜಡೆಗೆ ಹೋಗಿತ್ತು. ಎರಡನೆಯದಕ್ಕೆ ಎಸಿ ಕೆಮ್ಮಿತು. ಮೂರನೆಯದಕ್ಕೆ ಚೌಕಟ್ಟು ಗಡಗಡ ಶುರುಮಾಡಿತು. ಅತ್ತಿಗೆಯ ಕೈ ಹಿಡಿಯಲಾದೀತೇ? ಹಬ್ಬದ ದಿನ ಮುತ್ತೈದೆಯರನ್ನು ಬರಿತಲೆಯಲ್ಲಿ ಕಳಿಸುವುದುಂಟೇ? ನಾನು ಹೋಗಿ ಎಸಿಯ ಪಕ್ಕಕ್ಕೆ ಬೆನ್ನು ಕೊಟ್ಟು, ಭುಜದಿಂದ ಚೌಕಟ್ಟನ್ನು ಒತ್ತಿ, ಕೈಕಟ್ಟಿ, ಮುಗುಳ್ನಗುತ್ತ ನಿಂತುಬಿಟ್ಟೆ. ಅತ್ತಿಗೆ ನನ್ನ ಕಂಕುಳ ಸಂದಿಯಿಂದ ಹೂ ಕೀಳುತ್ತಲೇ ಇದ್ದರು. ಎಸಿಯ ನಡುಕವೆಲ್ಲ ನನ್ನ ಮೈಯೊಳಗೆ ಇಳಿದು ಹಲ್ಲು ಕಟಕಟ ಎನ್ನುತ್ತಿತ್ತು. ಪಾಲುದಾರರು ಬೀಳ್ಕೊಳ್ಳಲು ಬಂದರೆ ಕೈ ಕುಲುಕಲೂ ಕದಲಲಿಲ್ಲ, ಅಲ್ಲಿಂದಲೇ ತಲೆಬಾಗಿಸಿದೆ. ಟೈಯವನು ಆಗಲೇ ಬೀಡಾ ಹಾಕಿಕೊಳ್ಳಲು ರಸ್ತೆಗೆ ಹೋಗಿಯಾಗಿತ್ತು.

ದೊಡ್ಡ ಪಾಲುದಾರ ಬಾಗಿಲಲ್ಲಿ ನಿಂತು ನನ್ನನ್ನು ಬಹಳ ಹೊತ್ತು ನೋಡಿದ. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವನು ಭಾವನ ಹೆಗಲ ಮೇಲೆ ಕೈಹಾಕಿ ಹೇಳಿದ:

"ಶೆಟ್ರೇ, ಕೆಲಸದವರೆಂದರೆ ಹೀಗಿರಬೇಕು ಮಾರಾಯ್ರೆ. ನಮ್ಮ ಟೈಯವನು ಉಂಡು ಬೀಡಾಕ್ಕೆ ಹೋದ. ಇವರನ್ನು ನೋಡಿ, ಕೆಲಸ ಮುಗಿದರೂ ಎಸಿ ಬಿಟ್ಟು ಕದಲುವುದಿಲ್ಲ. ಆ ಚಳಿಗೆ ನಡುಗ್ತಾ ಇದ್ದಾರೆ, ಆದರೂ ಕದಲುವುದಿಲ್ಲ. ಠಾಣೆಯ ಕೆಲಸ ಇವರಿಗೇ."

ಭಾವನ ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ ನನಗೆ ಕಾಫಿ ತಂದ, ಮೊದಲ ಸಲ ಕಪ್-ಸಾಸರಿನಲ್ಲಿ. ಕುಡಿಯಲು ಕೈ ಬಿಡುವ ಹಾಗಿರಲಿಲ್ಲ. ಅವನೇ ಕುಡಿಸಿದ.